ಬಾಯ್ಲರಿಗೆ ಗಾಳಿ ಎಲ್ಲಿಂದ ಬರುತ್ತದೆ? ಅಮೆರಿಕದಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಇಲಿನಾಯ್ ಕಡೆ ಹಳೆಯ ಮನೆ ಕೊಳ್ಳುವ ನಮ್ಮವರು ಶಾಲೆ ನೋಡುತ್ತಾರೆ, ಅಡುಗೆಮನೆ ನೋಡುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದೂ ನೋಡುತ್ತಾರೆ. ಬೇಸ್‌ಮೆಂಟಿನ ಮೂಲೆಯಲ್ಲಿ ಉರಿದು ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ತನಗೆ ಬೇಕಾದ ಗಾಳಿಯನ್ನು ಎಲ್ಲಿಂದ ಎಳೆದುಕೊಳ್ಳುತ್ತದೆ ಎಂದು ಕೇಳುವವರು ಕಡಿಮೆ. ಮೊದಲ ಚಳಿಗಾಲ ಬಂದ ಮೇಲೆ ಮಾತ್ರ ಪ್ರಶ್ನೆಗಳು ಶುರುವಾಗುತ್ತವೆ. ಇಲ್ಲಿನ ಅಂಕಿಗಳು ಅಮೆರಿಕದ ರಾಷ್ಟ್ರೀಯ ಇಂಧನ ಅನಿಲ ಸಂಹಿತೆಯದು, ಅಂದರೆ ಎನ್‌ಎಫ್‌ಪಿಎ 54ರದು. ನಿಮ್ಮ ಊರಿನ ನಿಯಮ ಮತ್ತು ಬಾಯ್ಲರ್ ತಯಾರಕರ ಕೈಪಿಡಿ ಇದಕ್ಕಿಂತ ಬಿಗಿಯಾಗಿದ್ದರೆ ಅವನ್ನೇ ಪಾಲಿಸಬೇಕು.

ಬಾಯ್ಲರ್ ಪಕ್ಕದ ಗೋಡೆಯಲ್ಲಿ ಜಾಲರಿ ಹಾಕಿದ ಒಂದು ಕಂಡಿ ಇದೆ. ಜನವರಿಯಲ್ಲಿ ಅದರಿಂದ ಕೊರೆಯುವ ಗಾಳಿ ಬರುತ್ತದೆ. ಮುಚ್ಚಬಹುದೇ?

ಮುಚ್ಚಬಾರದು. ಅದನ್ನು ಬಾಯ್ಲರಿನ ಒಂದು ಬಿಡಿಭಾಗವೆಂದೇ ಎಣಿಸಿ. ಬಚ್ಚಲುಮನೆಯ ಹಂಡೆ ಒಲೆಗೆ ಬೆಂಕಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಲೆಯ ಬಾಯಿಗೆ ಸೌದೆಯನ್ನು ಒತ್ತಿ ತುರುಕಿದರೆ ಉರಿ ಕುಗ್ಗುತ್ತದೆ, ಹೊಗೆ ಬಚ್ಚಲಿಗೇ ತಿರುಗುತ್ತದೆ. ಸೌದೆಯ ಹೊಗೆಯಾದರೆ ಕಣ್ಣುರಿಸಿ ನಮ್ಮನ್ನು ಹೊರಗೆ ಓಡಿಸುತ್ತದೆ. ಗ್ಯಾಸ್ ಉರಿದ ಹೊಗೆ ಕಣ್ಣಿಗೆ ಕಾಣುವುದಿಲ್ಲ, ಅದರೊಳಗಿನ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ.

ಹಳೆಯ ಮನೆಗಳ ಬೇಸ್‌ಮೆಂಟುಗಳಲ್ಲಿ ಈ ಕಂಡಿಯನ್ನು ಗಮನವಿಟ್ಟು ನೋಡಿ. ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ತುಂಡು, ಹಳೆಯ ಟವೆಲ್, ಪ್ಲಾಸ್ಟಿಕ್ ಚೀಲ, ಅದರ ಮೇಲೆ ಅಂಟುಪಟ್ಟಿ. ಹಿಂದಿನ ಮಾಲೀಕರು ಯಾವುದೋ ಚಳಿಗಾಲದಲ್ಲಿ ತುರುಕಿದ್ದು ಹಾಗೇ ಉಳಿದಿರುತ್ತದೆ. ಮನೆಯ ಕೀಲಿ ಕೈಗೆ ಬಂದ ದಿನವೇ ಅದನ್ನು ಕಿತ್ತು ಹಾಕಿ. ಚಳಿಗೆ ಬೇರೆ ದಾರಿಗಳಿವೆ, ಮುಂದೆ ಹೇಳುತ್ತೇನೆ.

ಅಷ್ಟು ಗಾಳಿ ನಿಜಕ್ಕೂ ಬೇಕೇ? ಉರಿಯುವುದು ಒಂದು ಗ್ಯಾಸ್ ಬರ್ನರ್ ತಾನೇ?

ಒಂದು ಘನ ಅಡಿ ನೈಸರ್ಗಿಕ ಅನಿಲ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 10 ಘನ ಅಡಿ ಗಾಳಿ ಬೇಕು. ಬರ್ನರಿನಲ್ಲಿ ಗ್ಯಾಸೂ ಗಾಳಿಯೂ ಅಷ್ಟು ಅಚ್ಚುಕಟ್ಟಾಗಿ ಬೆರೆಯುವುದಿಲ್ಲವಾದ್ದರಿಂದ ಸ್ವಲ್ಪ ಹೆಚ್ಚುವರಿ ಗಾಳಿ ಬೇಕು. ಇದಲ್ಲದೆ, ಹಳೆಯ ಮಾದರಿಯ ಬಾಯ್ಲರಿನಲ್ಲಿ ಹೊಗೆ ಚಿಮಣಿಗೆ ಏರುವ ದಾರಿಯಲ್ಲಿ ಡ್ರಾಫ್ಟ್ ಹುಡ್ ಎಂಬ ತೆರೆದ ಬಾಯಿ ಇರುತ್ತದೆ. ಅಲ್ಲಿಂದಲೂ ಕೋಣೆಯ ಗಾಳಿ ಸೇರಿಕೊಂಡು ಮೇಲೇರುತ್ತದೆ. ಎಲ್ಲ ಕೂಡಿಸಿದರೆ ಒಂದಕ್ಕೆ ಸುಮಾರು ಮೂವತ್ತರ ಲೆಕ್ಕ.

ಒಂದು ಘನ ಅಡಿ ಗ್ಯಾಸಿನಿಂದ ಹೆಚ್ಚುಕಡಿಮೆ 1,000 ಬಿಟಿಯು (ಶಾಖವನ್ನು ಅಳೆಯುವ ಮಾನ) ಶಾಖ ಬರುತ್ತದೆ. ಗಂಟೆಗೆ 1,00,000 ಬಿಟಿಯುವಿನ ಬಾಯ್ಲರ್ ಸತತವಾಗಿ ಉರಿದರೆ ಗಂಟೆಗೆ 3,000 ಘನ ಅಡಿ ಗಾಳಿ ಖರ್ಚು. ಹದಿನೈದಡಿ ಅಗಲ, ಇಪ್ಪತ್ತೈದಡಿ ಉದ್ದ, ಎಂಟಡಿ ಎತ್ತರದ ಒಂದು ಹಜಾರದ ಗಾಳಿಯಷ್ಟೂ ಗಂಟೆಗೊಮ್ಮೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಹೋದಷ್ಟು ಒಳಗೆ ಬರಲೇಬೇಕು. ಬರುವ ದಾರಿ ಇಲ್ಲದಿದ್ದರೆ ಚಿಮಣಿಯೇ ಬರುವ ದಾರಿಯಾಗುತ್ತದೆ.

ಆಗ ತೊಂದರೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ಗ್ಯಾಸಿನಲ್ಲಿರುವ ಮೀಥೇನ್ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ಹೊಗೆ ಕೋಣೆಗೆ ಮರಳತೊಡಗಿದರೆ ಬರ್ನರ್ ಅದೇ ಹಳಸಿದ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ, ಆಮ್ಲಜನಕ ಇನ್ನಷ್ಟು ಕಡಿಮೆಯಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಬಾಯ್ಲರ್ ಒಂದು ರಾತ್ರಿಯಲ್ಲಿ ಕೆಟ್ಟಂತೆ ಕಾಣುವುದು ಇದರಿಂದಲೇ.

ನಮ್ಮದು ಯಾವ ಬಗೆಯ ಬಾಯ್ಲರ್ ಎಂದು ತಿಳಿಯುವುದು ಹೇಗೆ?

ಹತ್ತಿರ ನಿಂತು ಕೊಳವೆಗಳನ್ನು ನೋಡಿ. ತಗಡಿನ ಕೊಳವೆ ಇಟ್ಟಿಗೆ ಚಿಮಣಿಗೆ ಹೋಗಿದ್ದು, ಬಾಯ್ಲರಿನ ನೆತ್ತಿಯಲ್ಲೋ ಬೆನ್ನಿನಲ್ಲೋ ತೆರೆದ ಡ್ರಾಫ್ಟ್ ಹುಡ್ ಇದ್ದರೆ ಅದು ಮನೆಯ ಗಾಳಿಯನ್ನೇ ಬಳಸುತ್ತದೆ. ಈ ಬರಹ ಮುಖ್ಯವಾಗಿ ಅಂಥವರಿಗೆ. ಪ್ಲಾಸ್ಟಿಕ್ಕಿನ ಎರಡು ಕೊಳವೆಗಳು ಗೋಡೆ ತೂರಿ ಹೊರಗೆ ಹೋಗಿದ್ದರೆ, ಒಂದರಲ್ಲಿ ಗಾಳಿ ಒಳಗೆ, ಇನ್ನೊಂದರಲ್ಲಿ ಹೊಗೆ ಹೊರಗೆ: ಅದು ಮುಚ್ಚಿದ ದಹನದ ಬಾಯ್ಲರ್, ಮನೆಯ ಗಾಳಿಯ ಹಂಗು ಅದಕ್ಕಿಲ್ಲ. ಪ್ಲಾಸ್ಟಿಕ್ ಕೊಳವೆ ಒಂದೇ ಇದ್ದರೆ ಮೋಸಹೋಗಬೇಡಿ. ಹೊಗೆ ಹೊರಗೆ ಹೋಗುತ್ತದೆ ನಿಜ, ಗಾಳಿಯನ್ನು ಮಾತ್ರ ಬೇಸ್‌ಮೆಂಟಿನಿಂದಲೇ ಎಳೆಯುತ್ತಿರುತ್ತದೆ.

ಬೇಸ್‌ಮೆಂಟ್ ವಿಶಾಲವಾಗಿದೆ. ಒಳಗಿನ ಗಾಳಿಯೇ ಸಾಲದೇ?

ಸಾಲುತ್ತದೆಯೋ ಇಲ್ಲವೋ ಎಂಬುದಕ್ಕೆ ಸರಳ ಲೆಕ್ಕವಿದೆ. ಆ ಜಾಗದಲ್ಲಿ ಮನೆಯ ಗಾಳಿಯಿಂದ ಉರಿಯುವ ಎಲ್ಲ ಗ್ಯಾಸ್ ಉಪಕರಣಗಳ ಬಿಟಿಯು ಕೂಡಿಸಿ. ಪ್ರತಿ 1,000 ಬಿಟಿಯುವಿಗೆ 50 ಘನ ಅಡಿ ಜಾಗ ಇರಬೇಕು. ಅಂಕಿ ಬಾಯ್ಲರಿಗೆ ಅಂಟಿಸಿದ ಫಲಕದಲ್ಲಿ ಇರುತ್ತದೆ. ಅಲ್ಲಿ ‘ಇನ್‌ಪುಟ್’ ಎಂದಿರುವುದನ್ನು ತೆಗೆದುಕೊಳ್ಳಿ, ‘ಔಟ್‌ಪುಟ್’ ಬೇಡ.

ಬಾಯ್ಲರ್ 1,20,000, ಪಕ್ಕದ ನೀರಿನ ಹೀಟರ್ 40,000 ಎಂದಿಟ್ಟುಕೊಳ್ಳಿ. ಒಟ್ಟು 1,60,000. ಬೇಕಾದ ಜಾಗ 8,000 ಘನ ಅಡಿ. ಬೇಸ್‌ಮೆಂಟ್ 30 ಅಡಿಗೆ 25 ಅಡಿ, ಎತ್ತರ 8 ಅಡಿ ಇದ್ದರೆ ಸಿಗುವುದು 6,000. ಸಾಲದು. ಬಾಗಿಲೇ ಇಲ್ಲದ ತೆರಪಿನಿಂದ ಸೇರಿಕೊಂಡ ಪಕ್ಕದ ಕೋಣೆಯಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬಹುದು. ಬಾಗಿಲಿದ್ದರೆ, ಅದು ಸದಾ ತೆರೆದೇ ಇರುತ್ತದೆ ಎಂದು ನೀವು ಆಣೆ ಮಾಡಿದರೂ, ಸೇರಿಸುವಂತಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ: ಮನೆ ಕೊಂಡಾಗ ಬೇಸ್‌ಮೆಂಟ್ ಬಯಲಾಗಿರುತ್ತದೆ, ಲೆಕ್ಕ ಸರಿಯಿರುತ್ತದೆ. ಎರಡು ವರ್ಷದ ಮೇಲೆ ಹೋಮ್ ಥಿಯೇಟರ್ ಬರುತ್ತದೆ, ಒಂದು ಕೋಣೆ ಎದ್ದೇಳುತ್ತದೆ, ಕುರೂಪವೆಂದು ಬಾಯ್ಲರನ್ನು ಬಚ್ಚಲಿನಷ್ಟು ಸಣ್ಣ ಗೂಡಿನೊಳಗೆ ಸೇರಿಸಿ ಗಟ್ಟಿ ಬಾಗಿಲು ಹಾಕುತ್ತಾರೆ. ಬಡಗಿಗೆ ಇದು ಬರೀ ಗೋಡೆಯ ಕೆಲಸ. ಬಾಯ್ಲರಿನ ಪಾಲಿಗೆ 8,000 ಘನ ಅಡಿ ಇದ್ದದ್ದು 400 ಆಯಿತು.

ಜಾಗ ಸಾಲದಿದ್ದರೆ ಕಂಡಿ ಎಷ್ಟು ದೊಡ್ಡದಿರಬೇಕು?

ಗಾಳಿ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಅಳತೆ ನಿಂತಿದೆ. ಮೇಲಿನ 1,60,000 ಬಿಟಿಯು ಉದಾಹರಣೆಯನ್ನೇ ಮುಂದುವರಿಸೋಣ.

ಹೊರಗಿನಿಂದ ನೇರವಾಗಿ ಗೋಡೆ ಕೊರೆದು ತರುವುದಾದರೆ ಎರಡು ಕಂಡಿಗಳು: ಒಂದು ಚಾವಣಿಯಿಂದ 12 ಅಂಗುಲದೊಳಗೆ, ಇನ್ನೊಂದು ನೆಲದಿಂದ 12 ಅಂಗುಲದೊಳಗೆ. ಪ್ರತಿ 4,000 ಬಿಟಿಯುವಿಗೆ 1 ಚದರ ಅಂಗುಲದಂತೆ ಒಂದೊಂದೂ 40 ಚದರ ಅಂಗುಲ. ನೆಟ್ಟಗೆ ಮೇಲಿಂದ ಇಳಿಯುವ ಕೊಳವೆಯಾದರೂ ಇದೇ ಅಳತೆ. ಅಡ್ಡಲಾಗಿ ಮಲಗಿದ ಕೊಳವೆಯಲ್ಲಿ ಗಾಳಿ ಸುಲಭವಾಗಿ ಸಾಗುವುದಿಲ್ಲವಾದ್ದರಿಂದ ಅದಕ್ಕೆ ಎರಡರಷ್ಟು, ಅಂದರೆ ಒಂದೊಂದೂ 80.

ಒಂದೇ ಕಂಡಿ ಸಾಕು ಎನ್ನುವವರಿಗೂ ಅವಕಾಶವಿದೆ. ಅದು ಚಾವಣಿಯ ಹತ್ತಿರ ಇರಬೇಕು, 3,000 ಬಿಟಿಯುವಿಗೆ 1 ಚದರ ಅಂಗುಲ, ಅಂದರೆ ಇಲ್ಲಿ ಸುಮಾರು 54. ಜೊತೆಗೆ, ಆ ಜಾಗದ ಎಲ್ಲ ಉಪಕರಣಗಳಿಂದ ಚಿಮಣಿಗೆ ಹೋಗುವ ಕೊಳವೆಗಳ ಒಟ್ಟು ಬಾಯಿಗಿಂತ ಅದು ಚಿಕ್ಕದಾಗಿರಬಾರದು. ಬಾಯ್ಲರಿನ ಎರಡು ಪಕ್ಕ ಮತ್ತು ಹಿಂದೆ ಕನಿಷ್ಠ ಒಂದು ಅಂಗುಲ, ಮುಂದೆ ಆರು ಅಂಗುಲ ತೆರವೂ ಬೇಕು.

ಹೊರಗೋಡೆ ಕೊರೆಯದೆ ಮನೆಯೊಳಗಿನ ಇನ್ನೊಂದು ಕೋಣೆಯಿಂದ ಗಾಳಿ ತರುವುದಾದರೆ, ಎರಡು ಕೋಣೆಗಳ ಒಟ್ಟು ಜಾಗ ಆ 50ರ ಲೆಕ್ಕಕ್ಕೆ ಮುಟ್ಟಬೇಕು. ನಡುವಿನ ಗೋಡೆಯ ಮೇಲೆ, ಕೆಳಗೆ ಎರಡು ಕಂಡಿ, ಪ್ರತಿ 1,000 ಬಿಟಿಯುವಿಗೆ 1 ಚದರ ಅಂಗುಲ. ಇಲ್ಲಿ ಒಂದೊಂದೂ 160. ಬಾಯ್ಲರ್ ಎಷ್ಟೇ ಚಿಕ್ಕದಿರಲಿ, 100ಕ್ಕಿಂತ ಕಡಿಮೆ ಇರಬಾರದು.

ಅಂಗಡಿಯಿಂದ ತಂದ ಗ್ರಿಲ್ ಮೇಲೆ 8 × 8 ಎಂದಿದೆ. 64 ಚದರ ಅಂಗುಲ ಆಯಿತಲ್ಲ?

ಆಗಲಿಲ್ಲ. ಪಟ್ಟಿಗಳು ತಿನ್ನುವ ಜಾಗ ಕಳೆಯಬೇಕು. ಗ್ರಿಲ್ಲಿನ ತಯಾರಕರು ತೆರೆದ ವಿಸ್ತೀರ್ಣ ಕೊಟ್ಟಿದ್ದರೆ ಆ ಅಂಕಿ ಹಿಡಿಯಿರಿ. ಕೊಟ್ಟಿಲ್ಲದಿದ್ದರೆ ಲೋಹದ ಗ್ರಿಲ್ಲಿಗೆ ಮುಕ್ಕಾಲು ಭಾಗ, ಮರದ್ದಕ್ಕೆ ಕಾಲು ಭಾಗ ಮಾತ್ರ ಎಂದು ಲೆಕ್ಕ. 64ರ ಲೋಹದ ಗ್ರಿಲ್ 48 ಕೊಡುತ್ತದೆ. ಅದೇ ಅಳತೆಯ ಮರದ ಗ್ರಿಲ್ 16ಕ್ಕೆ ನಿಲ್ಲುತ್ತದೆ. ಚೆಂದಕ್ಕೆಂದು ಮರದ ಗ್ರಿಲ್ ಹಾಕಿ ಗಾಳಿಯ ಮುಕ್ಕಾಲು ಪಾಲು ಕಳೆದುಕೊಂಡವರು ಬೇಕಾದಷ್ಟಿದ್ದಾರೆ.

ಸೊಳ್ಳೆ ಪರದೆಯನ್ನಂತೂ ಹೊಡೆಯಲೇಬೇಡಿ. ಕಾಲು ಅಂಗುಲಕ್ಕಿಂತ ಸಣ್ಣ ಕಣ್ಣಿನ ಜಾಲರಿಗೆ ಸಂಹಿತೆಯಲ್ಲಿ ಅನುಮತಿಯಿಲ್ಲ. ಒಂದೇ ಬೇಸಿಗೆಯಲ್ಲಿ ಡ್ರೈಯರಿನ ನಾರು, ಜೇಡರ ಬಲೆ, ಒಣಗಿದ ಎಲೆ ಸೇರಿಕೊಂಡು ಅದು ಕಂಬಳಿಯಾಗುತ್ತದೆ.

ಹಾಗಾದರೆ ಚಳಿಗೇನು ಮಾಡುವುದು? ಕಂಡಿಯ ಪಕ್ಕದ ನೀರಿನ ಕೊಳವೆ ಹೆಪ್ಪುಗಟ್ಟುವ ಭಯ.

ಭಯ ಸುಳ್ಳಲ್ಲ. ಬಾಯ್ಲರನ್ನು ಒಂದು ಗೂಡಿನೊಳಗೆ ಬೇರೆ ಮಾಡಿ, ಆ ಗೂಡಿನ ಒಳಗೋಡೆಗಳಿಗೆ ಶಾಖನಿರೋಧಕ ಹಾಕಿ, ಕಂಡಿಯನ್ನು ಆ ಗೂಡಿಗೆ ಮಾತ್ರ ತೆರೆದರೆ ಉಳಿದ ಬೇಸ್‌ಮೆಂಟ್ ಬೆಚ್ಚಗಿರುತ್ತದೆ. ನೀರಿನ ಕೊಳವೆಗಳನ್ನು ಕಂಡಿಯ ನೇರದಿಂದ ಸರಿಸಬೇಕು, ಇಲ್ಲವೇ ಅವಕ್ಕೂ ಹೊದಿಕೆ ಬೇಕು.

ಇನ್ನೊಂದು ಉಪಾಯ ಮೋಟಾರು ಡ್ಯಾಂಪರ್, ಅಂದರೆ ಕಂಡಿಯನ್ನು ಮೋಟಾರಿನಿಂದ ತೆರೆದು ಮುಚ್ಚುವ ತಡೆ. ಥರ್ಮೋಸ್ಟಾಟ್ ಶಾಖ ಕೇಳಿದಾಗ ಮೊದಲು ಡ್ಯಾಂಪರ್ ತೆರೆಯುತ್ತದೆ, ಪೂರ್ತಿ ತೆರೆದ ಸಂಕೇತ ಸಿಕ್ಕ ಮೇಲೆಯೇ ಬರ್ನರ್ ಹೊತ್ತುತ್ತದೆ. ಈ ಜೋಡಣೆ ಕಡ್ಡಾಯ. ಕೈಯಿಂದ ತೆರೆದು ಮುಚ್ಚುವ ಡ್ಯಾಂಪರಿಗೆ ಇಲ್ಲಿ ಜಾಗವಿಲ್ಲ, ಏಕೆಂದರೆ ಅದನ್ನು ಮುಚ್ಚಿದವರು ತೆರೆಯಲು ಮರೆಯುತ್ತಾರೆ.

ಒಗ್ಗರಣೆಯ ಘಾಟನ್ನು ಹೊರಗೆ ಎಳೆಯಲು ಅಡುಗೆ ಒಲೆಯ ಮೇಲೆ ದೊಡ್ಡ ಹುಡ್ ಹಾಕಿಸಿದ್ದೇವೆ. ಅದಕ್ಕೂ ಬಾಯ್ಲರಿಗೂ ಏನು ಸಂಬಂಧ?

ತುಂಬ ಇದೆ, ಮತ್ತು ಇದು ವಿಶೇಷವಾಗಿ ನಮ್ಮಂಥವರ ಪ್ರಶ್ನೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುವ ಮನೆಗಳಲ್ಲಿ ನಿಮಿಷಕ್ಕೆ 900 ಘನ ಅಡಿ ಎಳೆಯುವ ಹುಡ್ ಹಾಕಿಸುವುದು ಈಗ ಮಾಮೂಲು. ಲೆಕ್ಕ ಹಾಕಿ: 900 ಎಂದರೆ ಗಂಟೆಗೆ 54,000 ಘನ ಅಡಿ. ನಮ್ಮ 1,00,000 ಬಿಟಿಯು ಬಾಯ್ಲರ್ ಕೇಳುವುದು ಗಂಟೆಗೆ 3,000. ಎರಡು ಸಾವಿರ ಚದರ ಅಡಿಯ ಮನೆಯ ಗಾಳಿಯಷ್ಟನ್ನೂ ಆ ಹುಡ್ ಹದಿನೆಂಟು ನಿಮಿಷದಲ್ಲಿ ಹೊರಹಾಕಬಲ್ಲದು.

ಚಿಮಣಿಯ ಎಳೆತ ಬಹಳ ಮೆದು. ಬಿಸಿ ಹೊಗೆ ಹಗುರವಾಗಿರುವುದರಿಂದ ಮೇಲೇರುತ್ತದೆ, ಅಷ್ಟೇ. ಅದರ ಹಿಂದಿನ ಒತ್ತಡದ ವ್ಯತ್ಯಾಸ ಕೆಲವೇ ಪಾಸ್ಕಲ್. ಎದುರಿಗೆ ಮೋಟಾರಿನ ಫ್ಯಾನ್ ನಿಂತರೆ ಗೆಲ್ಲುವುದು ಯಾರೆಂದು ಹೇಳಬೇಕಿಲ್ಲ. ಕಿಟಕಿಗಳೆಲ್ಲ ಮುಚ್ಚಿದ ಚಳಿಗಾಲದ ಸಂಜೆ, ಮೇಲೆ ಹುಡ್ ಓಡುತ್ತಿದೆ, ಬಚ್ಚಲಿನ ಫ್ಯಾನ್ ಓಡುತ್ತಿದೆ, ಬಟ್ಟೆ ಒಣಗಿಸುವ ಡ್ರೈಯರ್ ತನ್ನ ಪಾಲಿಗೆ ನಿಮಿಷಕ್ಕೆ 150ರಿಂದ 200 ಘನ ಅಡಿ ಹೊರಗೆ ತಳ್ಳುತ್ತಿದೆ. ಮನೆ ಆ ಕೊರತೆಯನ್ನು ಎಲ್ಲಿ ಸುಲಭವೋ ಅಲ್ಲಿಂದ ತುಂಬಿಕೊಳ್ಳುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ ಆ ಅಗಲವಾದ ಇಟ್ಟಿಗೆ ಚಿಮಣಿ.

ಅಮೆರಿಕದ ವಸತಿ ಸಂಹಿತೆ ಇದಕ್ಕೊಂದು ಗೆರೆ ಎಳೆದಿದೆ. ಚಿಮಣಿಯ ಸಹಜ ಎಳೆತವನ್ನು ನಂಬಿದ ಉಪಕರಣ ಮನೆಯೊಳಗಿದ್ದು, ಹುಡ್ಡಿನ ಸಾಮರ್ಥ್ಯ ನಿಮಿಷಕ್ಕೆ 400 ಘನ ಅಡಿ ಮೀರಿದರೆ, ಹೊರಗೆ ಹೋಗುವ ಗಾಳಿಗೆ ಬದಲಿ ಗಾಳಿ ಒಳಗೆ ತರುವ ಏರ್ಪಾಡು ಇರಬೇಕು. ಹುಡ್ ಮಾರುವವರು ಇದನ್ನು ತಾವಾಗಿ ಹೇಳುವುದಿಲ್ಲ. ನನ್ನನ್ನು ಕೇಳಿದರೆ, ಹಳೆಯ ಬಾಯ್ಲರ್ ಇರುವವರೆಗೆ 400ರೊಳಗಿನ ಹುಡ್ ಹಾಕಿಸಿ, ಅದು ಒಲೆಯ ಮೇಲೆ ಪೂರ್ತಿ ಚಾಚಿರುವಂತೆ ನೋಡಿಕೊಳ್ಳಿ, ಒಗ್ಗರಣೆಯ ಹೊತ್ತಿಗೆ ಪಕ್ಕದ ಕಿಟಕಿಯನ್ನು ಎರಡು ಅಂಗುಲ ತೆರೆಯಿರಿ.

ಹೊಸ ಕಿಟಕಿ ಹಾಕಿಸಿ, ಬಿರುಕುಗಳಿಗೆಲ್ಲ ಫೋಮ್ ತುಂಬಿಸಿದೆವು. ಬಿಲ್ ಇಳಿಯಿತು. ಬೇರೇನಾದರೂ ನೋಡಬೇಕೇ?

ಬಾಯ್ಲರಿನ ಗಾಳಿಯ ಲೆಕ್ಕವನ್ನು ಹೊಸದಾಗಿ ಹಾಕಬೇಕು. 50ರ ನಿಯಮ ನಿಂತಿರುವುದೇ ಮನೆ ಸ್ವಲ್ಪ ಸೋರುತ್ತದೆ ಎಂಬ ನಂಬಿಕೆಯ ಮೇಲೆ. ಗಂಟೆಗೆ ಮನೆಯ ಗಾಳಿಯ ಶೇ. 40ಕ್ಕಿಂತ ಕಡಿಮೆ ಬದಲಾಗುತ್ತದೆ ಎಂದು ಪರೀಕ್ಷೆಯಿಂದ ಗೊತ್ತಾಗಿದ್ದರೆ ಆ ನಿಯಮ ಬಳಸುವಂತಿಲ್ಲ. ಬ್ಲೋವರ್ ಡೋರ್ ಪರೀಕ್ಷೆಯಿಂದ (ಬಾಗಿಲಿಗೆ ಫ್ಯಾನ್ ಕಟ್ಟಿ ಮನೆಯ ಸೋರಿಕೆ ಅಳೆಯುವುದು) ಲೆಕ್ಕ ಹಾಕಿದಾಗ ನಿಮ್ಮ ಮನೆಯಲ್ಲಿ ಬದಲಾಗುವುದು ಶೇ. 25 ಎಂದು ಬಂತು ಅನ್ನಿ. ಫ್ಯಾನ್ ಇಲ್ಲದ ಬಾಯ್ಲರಿಗೆ ಸಂಹಿತೆ ಕೊಟ್ಟಿರುವ 21 ಎಂಬ ಅಂಕಿಯನ್ನು 0.25ರಿಂದ ಭಾಗಿಸಿ: ಪ್ರತಿ 1,000 ಬಿಟಿಯುವಿಗೆ 84 ಘನ ಅಡಿ. ಮೊದಲು 8,000 ಸಾಕಾಗಿದ್ದ ಜಾಗಕ್ಕೆ ಈಗ 13,440 ಬೇಕು.

ಮನೆಯ ಮೇಲುಗಡೆಯ ಬಿರುಕು ಮುಚ್ಚುವುದು ಬಾಯ್ಲರಿಗೂ ಅನುಕೂಲವೇ. ಚಳಿಗಾಲದಲ್ಲಿ ಬೆಚ್ಚಗಿನ ಗಾಳಿ ಅಟ್ಟದ ಕಡೆಯಿಂದ ಸೋರಿಹೋಗುತ್ತಾ ಬೇಸ್‌ಮೆಂಟಿನಲ್ಲಿ ಎಳೆತ ಹುಟ್ಟಿಸುತ್ತದೆ. ಮೇಲೆ ಮುಚ್ಚಿದರೆ ಅದು ತಗ್ಗುತ್ತದೆ. ಕೆಳಗಡೆ ಮಾತ್ರ ಮುಚ್ಚಿ ಮೇಲೆ ಬಿಟ್ಟರೆ ಕೆಟ್ಟದ್ದು.

ಬಟ್ಟೆ ಒಗೆಯುವ ಯಂತ್ರ ಬಾಯ್ಲರ್ ಪಕ್ಕದಲ್ಲೇ ಇದೆ. ತೊಂದರೆಯೇ?

ಯಂತ್ರದಿಂದ ತೊಂದರೆಯಿಲ್ಲ, ಬ್ಲೀಚಿನಿಂದ ಇದೆ. ಕ್ಲೋರಿನ್ ಆವಿ ಜ್ವಾಲೆಯ ಮೂಲಕ ಹಾದರೆ ಆಮ್ಲವಾಗಿ ಬಾಯ್ಲರಿನ ಒಳಮೈಯನ್ನೂ ಹೊಗೆಕೊಳವೆಯನ್ನೂ ಕೊರೆಯುತ್ತದೆ. ಬಣ್ಣ, ಥಿನ್ನರ್, ಈಜುಕೊಳದ ಪುಡಿ, ಸ್ಪ್ರೇ ಡಬ್ಬಿಗಳನ್ನು ಅಲ್ಲಿ ಇಡಬೇಡಿ. ಎಷ್ಟೋ ಕೈಪಿಡಿಗಳು ಈ ಕಾರಣಕ್ಕೆ ತುಕ್ಕು ಹಿಡಿದರೆ ವಾರಂಟಿ ಇಲ್ಲ ಎಂದು ಬರೆದಿರುತ್ತವೆ.

ಊರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಬೇಸ್‌ಮೆಂಟಿನಲ್ಲಿ ಅವರಿಗೊಂದು ಕೋಣೆ ಮಾಡುತ್ತಿದ್ದೇವೆ. ಬಾಯ್ಲರ್ ಅದರ ಪಕ್ಕದಲ್ಲಿದೆ.

ಮಲಗುವ ಕೋಣೆಯ ಗಾಳಿಯನ್ನು ಬಾಯ್ಲರ್ ಬಳಸುವಂತಿಲ್ಲ; ಬಚ್ಚಲು, ಶೌಚಾಲಯಕ್ಕೂ ಇದೇ ನಿಯಮ. ಆ ಕೋಣೆಯ ಮೂಲಕವೇ ಬಾಯ್ಲರಿಗೆ ದಾರಿ ಇರುವುದಾದರೆ ಬಾಯ್ಲರಿಗೆ ಪ್ರತ್ಯೇಕ ಗೂಡು, ಪೂರ್ತಿ ಹೊರಗಿನ ಗಾಳಿ, ಸಂದು ಬಿಡದ ಗಟ್ಟಿ ಬಾಗಿಲು, ಅದೂ ತಾನಾಗಿ ಮುಚ್ಚಿಕೊಳ್ಳುವಂಥದ್ದು ಬೇಕು. ಮುಚ್ಚಿದ ದಹನದ ಬಾಯ್ಲರಾದರೆ ಈ ಕಟ್ಟಳೆ ಇಲ್ಲ.

ಆರು ತಿಂಗಳಿಗೆ ಬರುವ ಹಿರಿಯರ ವಿಷಯದಲ್ಲಿ ಇನ್ನೆರಡು ಮಾತು. ಅವರಿಗೆ ಚಳಿ ತಡೆಯುವುದಿಲ್ಲ. ಕಂಡಿ ಕಂಡರೆ ಹಳೆಯ ಪಂಚೆಯನ್ನೋ ಸೀರೆಯ ತುಂಡನ್ನೋ ತುರುಕುವವರೂ ಅವರೇ. ಬಂದ ದಿನವೇ ಅದು ಏಕೆ ಇದೆ ಎಂದು ತೋರಿಸಿ, ಕನ್ನಡದಲ್ಲೇ ಒಂದು ಚೀಟಿ ಬರೆದು ಅಂಟಿಸಿ. ಎರಡನೆಯದು: ನೀವೆಲ್ಲ ಕಚೇರಿಗೆ, ಶಾಲೆಗೆ ಹೋದ ಮೇಲೂ ಅವರು ಇಡೀ ದಿನ ಮನೆಯಲ್ಲೇ ಇರುತ್ತಾರೆ. ನಿಮಗಿಲ್ಲದ ತಲೆನೋವು ಅವರಿಗಿದೆ ಎಂದರೆ ವಯಸ್ಸು, ಜೆಟ್‌ಲ್ಯಾಗ್ ಎಂದು ತಳ್ಳಿಹಾಕುವ ಮೊದಲು ಬಾಯ್ಲರ್ ಕಡೆ ನೋಡಿ.

ಹೊಗೆ ಹಿಂದಕ್ಕೆ ಬರುತ್ತಿದೆ ಎಂದು ಮನೆಯವರೇ ಕಂಡುಹಿಡಿಯಬಹುದೇ?

ಗುರುತುಗಳು ಹಲವು. ಡ್ರಾಫ್ಟ್ ಹುಡ್ಡಿನ ಅಂಚಿನಲ್ಲಿ ತುಕ್ಕು ಅಥವಾ ಮಸಿ, ನೀರಿನ ಹೀಟರಿನ ತಲೆಯ ಮೇಲೆ ಕರಗಿದ ಪ್ಲಾಸ್ಟಿಕ್ ಉಂಗುರ, ಬರ್ನರಿನಲ್ಲಿ ನೀಲಿಯ ಬದಲು ಮೆತ್ತಗೆ ತೂಗಾಡುವ ಹಳದಿ ಜ್ವಾಲೆ, ಬೇಸ್‌ಮೆಂಟಿನ ಕಿಟಕಿಯ ಗಾಜಿಗೆ ಮಾತ್ರ ಕಟ್ಟುವ ನೀರು.

ಪರೀಕ್ಷೆ ಮಾಡಲು ಊದುಬತ್ತಿ ಸಾಕು. ಗ್ಯಾಸ್ ವಾಸನೆ ಇದ್ದರೆ ಮಾತ್ರ ಏನನ್ನೂ ಹಚ್ಚದೆ ಹೊರಗೆ ಬಂದು ಗ್ಯಾಸ್ ಕಂಪನಿಗೆ ಫೋನ್ ಮಾಡಿ. ವಾಸನೆ ಇಲ್ಲದಿದ್ದರೆ ಹೊರಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿ. ಅಡುಗೆಮನೆಯ ಹುಡ್, ಬಚ್ಚಲಿನ ಫ್ಯಾನುಗಳು, ಡ್ರೈಯರ್ ಎಲ್ಲವನ್ನೂ ಜೋರಾಗಿ ಹಾಕಿ. ಬಾಯ್ಲರ್ ಹೊತ್ತಿಸಿ ಐದು ನಿಮಿಷ ಬಿಡಿ. ಚಿಮಣಿ ತಣ್ಣಗಿದ್ದಾಗ ಮೊದಲು ಸ್ವಲ್ಪ ತಡವರಿಸುವುದುಂಟು. ಆಮೇಲೆ ಊದುಬತ್ತಿಯನ್ನು ಡ್ರಾಫ್ಟ್ ಹುಡ್ಡಿನ ಅಂಚಿನ ಸುತ್ತ ನಿಧಾನವಾಗಿ ಆಡಿಸಿ. ಹೊಗೆಯ ಎಳೆ ಬಾಗಿ ಒಳಗೆ ಸೇರಿದರೆ ಎಳೆತವಿದೆ. ನೆಟ್ಟಗೆ ನಿಂತರೆ ಅನುಮಾನ. ನಿಮ್ಮ ಮುಖದ ಕಡೆ ತಿರುಗಿ, ಕೈಗೆ ಬಿಸಿಯಾದ ತೇವದ ಗಾಳಿ ತಾಗಿದರೆ ಆಗಲೇ ಬಾಯ್ಲರ್ ಆರಿಸಿ. ನೀರಿನ ಹೀಟರಿಗೂ ಬೇರೆಯಾಗಿ ಇದನ್ನೇ ಮಾಡಿ. ಇದರಲ್ಲಿ ಗೆದ್ದ ಮಾತ್ರಕ್ಕೆ ತಂತ್ರಜ್ಞರ ಪರೀಕ್ಷೆ ಬೇಡವೆಂದಲ್ಲ. ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ಊದುಬತ್ತಿ ಹೇಳಲಾರದು.

ಬಾಯ್ಲರ್ ಆಗಾಗ ತಾನಾಗಿ ನಿಂತು, ಡ್ರಾಫ್ಟ್ ಹುಡ್ ಬಳಿಯ ಸಣ್ಣ ಸ್ವಿಚ್ಚಿನ ಗುಂಡಿ ಒತ್ತಿದರೆ ಮತ್ತೆ ಶುರುವಾಗುತ್ತದೆಯೇ? ಹೊಗೆ ಹೊರಚೆಲ್ಲಿದಾಗ ಬಿಸಿ ತಾಗಿ ಬಾಯ್ಲರನ್ನು ನಿಲ್ಲಿಸಲೆಂದೇ ಆ ಸ್ವಿಚ್ ಇರುವುದು. ಗುಂಡಿ ಒತ್ತುತ್ತಲೇ ಚಳಿಗಾಲ ಕಳೆಯುವವರಿದ್ದಾರೆ. ಅದಕ್ಕೆ ತಂತಿ ಸುತ್ತಿ ಬೈಪಾಸ್ ಮಾಡಿದವರನ್ನು ಮತ್ತೆ ಮನೆಗೆ ಕರೆಯಬೇಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆ. ಇಷ್ಟೆಲ್ಲ ಏಕೆ?

ಅಲಾರಂ ಇರಲೇಬೇಕು: ಪ್ರತಿ ಮಹಡಿಗೊಂದು, ಮಲಗುವ ಕೋಣೆಗಳ ಹೊರಗೊಂದು. ಆದರೆ ಅದು ಕೊನೆಯ ಕಾವಲು. ಯುಎಲ್ 2034 ಎಂಬ ಅಮೆರಿಕದ ಸುರಕ್ಷತಾ ಮಾನದಂಡದ ಅಲಾರಂ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 70 ಭಾಗ ಇದ್ದಾಗ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗುತ್ತದೆ. 150 ಇದ್ದರೆ 10ರಿಂದ 50 ನಿಮಿಷ, 400 ಇದ್ದರೆ 4ರಿಂದ 15 ನಿಮಿಷ. 30ರಷ್ಟಿದ್ದರೆ ದಿನಗಟ್ಟಲೆ ಸುಮ್ಮನಿರುತ್ತದೆ. ಗರ್ಭಿಣಿಯರು, ಹಸುಗೂಸುಗಳು, ಹೃದಯದ ತೊಂದರೆಯವರು ಇರುವ ಮನೆಯಲ್ಲಿ ಅಂಕಿ ತೋರಿಸುವ, ಕಡಿಮೆ ಪ್ರಮಾಣವನ್ನೂ ಹೇಳುವ ಮಾದರಿಗೆ ಸ್ವಲ್ಪ ಹೆಚ್ಚು ಹಣ ಕೊಡಿ. ಬೆನ್ನಿನ ಮೇಲಿನ ಅವಧಿಯ ದಿನಾಂಕ ನೋಡಿ. ಗುಂಡಿ ಒತ್ತಿದಾಗ ಕೂಗುವುದು ಸದ್ದು ಮಾಡುವ ಭಾಗ ಸರಿಯಿದೆ ಎಂದಷ್ಟೇ ಹೇಳುತ್ತದೆ.

ಅಮೆರಿಕದಲ್ಲಿ ಬೆಂಕಿ ಅನಾಹುತಗಳನ್ನು ಬಿಟ್ಟು ಆಕಸ್ಮಿಕ ಕಾರ್ಬನ್ ಮೊನಾಕ್ಸೈಡ್ ವಿಷದಿಂದ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆ. ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಿಗಿಯಾಗಿ ಅಂಟುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ: ಫ್ಲೂ ಬಂದಂತೆ, ಆದರೆ ಜ್ವರವಿಲ್ಲ. ಮನೆಯವರಿಗೆಲ್ಲ ಒಟ್ಟಿಗೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಕಾರ್ಬನ್ ಮೊನಾಕ್ಸೈಡೇ ಎಂದು ತಿಳಿಯಿರಿ.

ಅಲಾರಂ ಕೂಗಿತು. ಮೊದಲು ಏನು?

ಎಲ್ಲರೂ ಹೊರಗೆ. ಎಣಿಸಿ. ಹೊರಗಿನಿಂದ 911ಕ್ಕೆ ಫೋನ್. ಕಿಟಕಿ ತೆರೆಯುತ್ತಾ, ಕಾರಣ ಹುಡುಕುತ್ತಾ ಒಳಗೆ ನಿಲ್ಲಬೇಡಿ. ಅಗ್ನಿಶಾಮಕದವರು ಅಳೆದು ಹೇಳುವವರೆಗೆ ಒಳಗೆ ಹೋಗಬೇಡಿ, ಹಿಮ ಬೀಳುತ್ತಿದ್ದರೂ ಕಾರಿನಲ್ಲಿ ಕುಳಿತಿರಿ. ಕಾರು ಗ್ಯಾರೇಜಿನೊಳಗೆ ಇರಬಾರದು.

ಹೊಸ ಮುಚ್ಚಿದ ದಹನದ ಬಾಯ್ಲರ್ ಹಾಕಿಸಿದರೆ ಈ ತಲೆನೋವೆಲ್ಲ ಮುಗಿಯಿತಲ್ಲ?

ಬಹುಪಾಲು ಮುಗಿಯುತ್ತದೆ. ಹಣವಿದ್ದರೆ ನನ್ನ ಮತವೂ ಅದಕ್ಕೇ. ಎರಡು ಹೊಸ ವಿಷಯಗಳನ್ನು ಮಾತ್ರ ತಿಳಿದಿರಿ.

ಒಂದು, ಹಿಂದೆ ಉಳಿದ ನೀರಿನ ಹೀಟರ್. ಮೊದಲು ಬಾಯ್ಲರೂ ಹೀಟರೂ ಒಂದೇ ಚಿಮಣಿ ಹಂಚಿಕೊಂಡಿದ್ದವು. ಬಾಯ್ಲರಿನ ಬಿಸಿಯಿಂದ ಚಿಮಣಿ ಬೆಚ್ಚಗಿದ್ದು ಎಳೆತ ಚೆನ್ನಾಗಿತ್ತು. ಈಗ ಬಾಯ್ಲರ್ ಗೋಡೆಯಿಂದ ಹೊರಗೆ ಉಸಿರಾಡುತ್ತದೆ. ಅಷ್ಟು ದೊಡ್ಡ, ತಣ್ಣಗಿನ ಚಿಮಣಿಯನ್ನು 40,000 ಬಿಟಿಯುವಿನ ಹೀಟರ್ ಒಂದೇ ಬಿಸಿ ಮಾಡಲಾರದು. ನೀರಾವಿ ಒಳಗೇ ಹನಿಗಟ್ಟಿ ಇಟ್ಟಿಗೆಯ ಗಾರೆ ಉದುರುತ್ತದೆ, ಹೊಗೆ ಕೆಳಗೆ ಚೆಲ್ಲುತ್ತದೆ. ಚಿಮಣಿಯೊಳಗೆ ಹೀಟರಿಗೆ ತಕ್ಕ ಕಿರಿದಾದ ಲೋಹದ ಲೈನರ್ ಇಳಿಸಬೇಕು, ಇಲ್ಲವೇ ಹೀಟರನ್ನೂ ಬದಲಿಸಬೇಕು. ಬಾಯ್ಲರಿನ ಅಂದಾಜುಪಟ್ಟಿ ಕೊಡುವಾಗ ಇದನ್ನು ಬಿಟ್ಟು ಕಡಿಮೆ ಬೆಲೆ ತೋರಿಸುವ ಗುತ್ತಿಗೆದಾರರಿದ್ದಾರೆ. ನೀವೇ ಬಾಯಿ ಬಿಟ್ಟು ಕೇಳಿ.

ಇನ್ನೊಂದು, ಹಿಮ. 2005ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ಪ್ಲಿಮತ್‌ನಲ್ಲಿ ಗೋಡೆಯ ಹೊಗೆಕೊಳವೆ ಹಿಮದಲ್ಲಿ ಹೂತುಹೋಗಿ ಏಳು ವರ್ಷದ ಹುಡುಗಿಯೊಬ್ಬಳು ಸತ್ತಳು. ಅವಳ ಹೆಸರಿನಲ್ಲೇ ‘ನಿಕೋಲ್ಸ್ ಲಾ’ ಬಂತು. 2006ರಿಂದ ಆ ರಾಜ್ಯದ ಮನೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯವಾಯಿತು. ಹಿಮಪಾತವಾದಾಗ ಕಾರಿಗಿಂತ ಮೊದಲು ಆ ಎರಡು ಕೊಳವೆಗಳ ಮುಂದಿನ ಹಿಮ ತೆಗೆಯಿರಿ. ಹಿಮ ಎತ್ತಿ ಎಸೆಯುವ ಯಂತ್ರದ ಮೂತಿ ಆ ಗೋಡೆಯ ಕಡೆ ತಿರುಗದಿರಲಿ.

ವರ್ಷಕ್ಕೊಮ್ಮೆ ಬರುವ ತಂತ್ರಜ್ಞರಿಂದ ಏನು ಕೇಳಬೇಕು?

ಹೊಗೆಕೊಳವೆಗೆ ಅಳತೆಯ ಯಂತ್ರ ತೂರಿಸಿ ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಎಳೆತ ಮೂರನ್ನೂ ಅಳೆದು ಮುದ್ರಿತ ಚೀಟಿ ಕೊಡಲು ಹೇಳಿ. ಅಳೆಯುವಾಗ ಹುಡ್, ಡ್ರೈಯರ್ ಓಡುತ್ತಿರಲಿ. ಧೂಳು ಒರೆಸಿ ‘ಎಲ್ಲ ಸರಿಯಿದೆ’ ಎಂದು ಹೊರಡುವವರಿಗೆ ಹಣ ಕೊಡುವುದು ದಂಡ.

ನಾವು ಇಂಗ್ಲೆಂಡಿನಲ್ಲಿದ್ದೇವೆ. ಇದೇ ಲೆಕ್ಕವೇ?

ತತ್ವ ಒಂದೇ, ಅಳತೆ ಬೇರೆ. ಅಲ್ಲಿ ಈಗಿನ ಬಾಯ್ಲರುಗಳು ಹೆಚ್ಚಾಗಿ ಮುಚ್ಚಿದ ದಹನದವು. ತೆರೆದ ಹೊಗೆಕೊಳವೆಯ ಹಳೆಯ ಬಾಯ್ಲರಿದ್ದರೆ, ಮೊದಲ 7 ಕಿಲೋವ್ಯಾಟ್ ಬಿಟ್ಟು ಅದರ ಮೇಲಿನ ಪ್ರತಿ ಕಿಲೋವ್ಯಾಟಿಗೆ 5 ಚದರ ಸೆಂಟಿಮೀಟರ್ ಶಾಶ್ವತ ಗಾಳಿಕಂಡಿ ಎಂಬುದು ಸಾಮಾನ್ಯ ಲೆಕ್ಕ: 15 ಕಿಲೋವ್ಯಾಟಿಗೆ 40. ಗಾಳಿ ಹೆಚ್ಚು ಸೋರದ ಹೊಸ ಮನೆಗೆ ಇನ್ನೂ ಹೆಚ್ಚು ಬೇಕು. ಗ್ಯಾಸ್ ಸೇಫ್ (ಅಲ್ಲಿ ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ) ನೋಂದಣಿ ಇಲ್ಲದವರು ಬಾಯ್ಲರ್ ಮುಟ್ಟುವಂತಿಲ್ಲ. ಬಾಡಿಗೆ ಮನೆಯಾದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಕೊಡುವುದು ಮಾಲೀಕರ ಹೊಣೆ.

ಊರಿನ ಮನೆಯ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆ. ಅದಕ್ಕೂ ಇದು ಅನ್ವಯಿಸುತ್ತದೆಯೇ?

ಇನ್ನೂ ಕಠಿಣವಾಗಿ ಅನ್ವಯಿಸುತ್ತದೆ. ಅಮೆರಿಕದ ಹಳೆಯ ಬಾಯ್ಲರಿಗೆ ಚಿಮಣಿಯಾದರೂ ಇದೆ. ನಮ್ಮಲ್ಲಿ ಗೋಡೆಗೆ ನೇತುಹಾಕುವ ಸಣ್ಣ ಗೀಸರಿನ ಹೊಗೆ ಎಷ್ಟೋ ಮನೆಗಳಲ್ಲಿ ನೇರವಾಗಿ ಬಚ್ಚಲಿಗೇ ಬರುತ್ತದೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಬಿಸಿ ಮಾಡಲು ಸುಮಾರು 10.5 ಕಿಲೋವ್ಯಾಟ್, ಅಂದರೆ 36,000 ಬಿಟಿಯು ಬೇಕು. ಮೇಲಿನ ನಿಯಮದಂತೆ, ಚಿಮಣಿ ಇದ್ದರೂ, 1,800 ಘನ ಅಡಿಯ ಜಾಗ ಇರಬೇಕು. ಐದಡಿಗೆ ಏಳಡಿಯ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದು 280. ಬಾಗಿಲು ಹಾಕಿ, ಚಳಿಯೆಂದು ಗವಾಕ್ಷಿಗೆ ರಟ್ಟು ಇಟ್ಟು, ಹತ್ತು ನಿಮಿಷ ನೀರು ಬಿಟ್ಟುಕೊಂಡವರು ಕುಸಿದು ಬೀಳುವ ಸುದ್ದಿ ಚಳಿಗಾಲದಲ್ಲಿ ಕರ್ನಾಟಕದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ‘ಗ್ಯಾಸ್ ಸೋರಿ’ ಎಂದು ಜನ ಆಡಿಕೊಳ್ಳುತ್ತಾರೆ. ಸೋರಿದ ಎಲ್‌ಪಿಜಿಯಾದರೆ ಮೂಗಿಗೆ ತಿಳಿಯುತ್ತಿತ್ತು; ಕೊಲ್ಲುವುದು ಸಾಮಾನ್ಯವಾಗಿ ಉರಿದ ಗ್ಯಾಸಿನ ಕಾರ್ಬನ್ ಮೊನಾಕ್ಸೈಡ್.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಲದೇ ಎಂದು ಕೇಳುತ್ತಾರೆ. ಬಾಗಿಲ ಕೆಳಗೆ ಗಾಳಿ ಒಳಬರುವ ಸಂದಿಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ, ವಿದ್ಯುತ್ ಹೋದರೆ ಆ ಸದ್ದೂ ಇಲ್ಲ. ಗೀಸರನ್ನು ಬಚ್ಚಲಿನಿಂದ ಕಿತ್ತು, ಹೊರಗೆ ತೆರೆದ ಯುಟಿಲಿಟಿಯಲ್ಲೋ ಹಿತ್ತಲ ಗೋಡೆಗೋ ಹಾಕಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತನ್ನಿ. ಸಿಲಿಂಡರ್ ಕೂಡ ಹೊರಗೇ ಇರಲಿ. ಪ್ಲಂಬರಿಗೆ ಅರ್ಧ ದಿನದ ಕೆಲಸ. ಈ ಸಲ ಊರಿಗೆ ಹೋದಾಗ ನೀವೇ ನಿಂತು ಮಾಡಿಸಿ.